ಮಾದರಿ ಹಾಯಿಹಡಗಿನ ಹಗ್ಗದ ಕೆಲಸ: ಎಲ್ಲಿಂದ ಆರಂಭಿಸಬೇಕು?

ಡೊಂಬಿವಲಿಯ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. 1:96 ಅಳತೆಯ, ‘ಕಟ್ಟಿ ಸಾರ್ಕ್’ ಎಂಬ ಹಾಯಿಹಡಗಿನ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ. ಒಡಲು, ಡೆಕ್, ಮೂರು ಮಾಸ್ಟ್‌ಗಳು (ಹಾಯಿಕಂಬಗಳು) ಸಿದ್ಧವಾಗಿವೆ. ನಕ್ಷೆಯಲ್ಲಿ ಎಲ್ಲ ಹಗ್ಗಗಳನ್ನೂ ಒಂದೇ ಚಿತ್ರದಲ್ಲಿ ತೋರಿಸಿರುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯುತ್ತಿಲ್ಲ. ಒಂದು ಬದಿ ಬಿಗಿದರೆ ಮಾಸ್ಟ್ ಅತ್ತಲೇ ವಾಲೀತೆಂಬ ಆತಂಕವೂ ಇದೆ. ಕಿಟ್‌ನ ದಾರದಲ್ಲಿ ಎಳೆಗಳು ಎದ್ದಿವೆ; ನಮ್ಮ ಮಳೆಗಾಲದ ತೇವಕ್ಕೆ ಸಡಿಲವಾಗದ ದಾರ ಯಾವುದೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ವಾಸ್ಕೊದಿಂದ:
ಮೊದಲು ಹಗ್ಗಗಳನ್ನು ಎರಡು ಗುಂಪಾಗಿ ನೋಡಿ. ಮಾಸ್ಟನ್ನು ಪಕ್ಕಗಳಿಂದ ಹಿಡಿದು ನಿಲ್ಲಿಸುವ ಶ್ರೌಡ್, ಮುಂದಿನಿಂದ ಹಿಡಿಯುವ ಸ್ಟೇ, ಹಿಂದಿನಿಂದ ಹಿಡಿಯುವ ಬ್ಯಾಕ್‌ಸ್ಟೇಗಳು ಒಂದು. ಹಾಯಿಗಳನ್ನು ಏರಿಸಲು, ಇಳಿಸಲು, ತಿರುಗಿಸಲು ಎಳೆಯುವಂಥವು ಇನ್ನೊಂದು. ಮೊದಲನೆಯವಕ್ಕೆ ಕಪ್ಪು, ಎರಡನೆಯವಕ್ಕೆ ತಿಳಿಕಂದು ದಾರ ಬಳಸುವುದು ರೂಢಿ. ಮೊದಲ ಗುಂಪು ಪೂರ್ತಿ ಮುಗಿಯುವವರೆಗೆ ಎರಡನೆಯದನ್ನು ಮುಟ್ಟಬೇಡಿ.

ಶ್ರೌಡ್‌ಗಳನ್ನು ಜೋಡಿಯಾಗಿ ಕಟ್ಟಬೇಕು: ಒಂದೇ ದಾರವನ್ನು ನಡುವೆ ಮಡಚಿ, ಕುಣಿಕೆ ಮಾಡಿ ಮಾಸ್ಟ್‌ನ ತಲೆಗೆ ಹಾಕಿದರೆ ಅದರ ಎರಡು ತುದಿಗಳೇ ಎರಡು ಶ್ರೌಡ್‌ಗಳಾಗುತ್ತವೆ. ಬಲಬದಿಯ ಮುಂದಿನ ಜೋಡಿ, ಅನಂತರ ಎಡಬದಿಯ ಮುಂದಿನ ಜೋಡಿ, ಮತ್ತೆ ಬಲಬದಿ ಎಂದು ಅದಲುಬದಲಾಗಿ ಹಿಂದಕ್ಕೆ ಸಾಗಿದರೆ ಎಳೆತ ಸಮನಾಗಿ, ತಮ್ಮ ಆತಂಕ ಬಹುಮಟ್ಟಿಗೆ ದೂರವಾಗುತ್ತದೆ. ಸ್ಟೇಯ ಕುಣಿಕೆ ಇವುಗಳ ಮೇಲೆ ಕೂರುವುದರಿಂದ ಅದರ ಸರದಿ ಆಮೇಲೆ. ತಂಬೂರಿಯ ತಂತಿಯಂತೆ ಯಾವುದನ್ನೂ ಬಿಗಿಯಬೇಡಿ. ದಾರ ನೇರವಾಗಿ ನಿಂತರೆ ಸಾಕು. ಯಾರ್ಡ್‌ಗಳು (ಹಾಯಿ ತೂಗುವ ಅಡ್ಡಕಂಬಗಳು) ಮೇಜಿನ ಮೇಲಿರುವಾಗಲೇ ಅವುಗಳ ಬ್ಲಾಕ್‌ಗಳನ್ನು (ಹಗ್ಗ ಹಾಯುವ ರಾಟೆಗಳನ್ನು) ಕಟ್ಟಿಕೊಳ್ಳಿ.

ಕೊತ್ರೂಡಿನವ, ಪುಣೆ:
ದಾರದ ಬಗ್ಗೆ ಹೇಳುತ್ತೇನೆ. ನೈಲಾನ್ ಹಿಗ್ಗುವುದರಿಂದ ಬೇಡ. ಹತ್ತಿಯ ಹುರಿ ತೇವ ಹೀರಿ ಉಬ್ಬಿದಾಗ ಉದ್ದದಲ್ಲಿ ಕುಗ್ಗುತ್ತದೆ, ಒಣಗಿದಾಗ ಜೋಲುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಾಸ್ಟ್ ಬಾಗುವುದು, ಅದು ಕಳೆದ ಮೇಲೆ ಹಗ್ಗ ಸಡಿಲವಾಗುವುದು, ಎರಡೂ ಉಂಟು. ಪಾಲಿಯೆಸ್ಟರ್ ದಾರ ತೇವವನ್ನು ಹೆಚ್ಚು ಹೀರುವುದಿಲ್ಲ. ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಹೊಳಪಿಲ್ಲದ್ದನ್ನು ಕೇಳಿ, ಬೇರೆಬೇರೆ ದಪ್ಪದ್ದನ್ನು ತನ್ನಿ: ಸ್ಟೇಗೆ ಎಲ್ಲಕ್ಕಿಂತ ದಪ್ಪ, ರಾಟ್‌ಲೈನ್‌ಗೆ (ಶ್ರೌಡ್‌ಗಳಿಗೆ ಅಡ್ಡಲಾಗಿ ಏಣಿಯ ಮೆಟ್ಟಿಲಿನಂತೆ ಕಟ್ಟುವ ದಾರಕ್ಕೆ) ಎಲ್ಲಕ್ಕಿಂತ ಸಣ್ಣ. ಕಟ್ಟುವ ಮೊದಲು ಜೇನುಮೇಣದ ಗಟ್ಟಿಯ ಮೇಲೆ ಎಳೆದರೆ ಎದ್ದ ಎಳೆಗಳು ಅಂಟಿಕೊಳ್ಳುತ್ತವೆ. ಗಂಟಿಗೆ ಸೂಪರ್‌ಗ್ಲೂ ಹಾಕಿದರೆ ದಾರ ಕಡ್ಡಿಯಾಗಿ ಬಿಳಿ ಕಲೆ ಉಳಿಯಬಹುದು. ನೀರು ಬೆರೆಸಿದ ಫೆವಿಕಾಲನ್ನು ಸೂಜಿಯ ಮೊನೆಯಿಂದ ತಾಗಿಸಿ, ಒಣಗಿದ ಮೇಲೆ ತುದಿಯನ್ನು ಹೊಸ ಬ್ಲೇಡಿನಿಂದ ಕತ್ತರಿಸಿ.

ಡೊಂಬಿವಲಿಯ ಹವ್ಯಾಸಿ:
ಇಬ್ಬರಿಗೂ ಧನ್ಯವಾದಗಳು. ಶ್ರೌಡ್‌ಗಳ ಕೆಳಗಿನ ಡೆಡ್‌ಐಗಳು (ರಂಧ್ರಗಳಿರುವ ದುಂಡು ಬಿಲ್ಲೆಗಳು) ಒಂದೇ ಮಟ್ಟದಲ್ಲಿರುವಂತೆ ಕಟ್ಟುವುದು ಹೇಗೆ? ರಾಟ್‌ಲೈನ್‌ಗಳ ಎಳೆತಕ್ಕೆ ಶ್ರೌಡ್‌ಗಳು ನಡುವೆ ಒಳಕ್ಕೆ ಬಾಗುವುದಿಲ್ಲವೇ?

ಮಾಟುಂಗಾ ಓದುಗ:
ಸಣ್ಣ ತಂತಿಯ ಎರಡೂ ತುದಿಗಳನ್ನು ಕೊಕ್ಕೆಯಂತೆ ಬಗ್ಗಿಸಿ, ಒಂದನ್ನು ಕೆಳಗಿನ ಡೆಡ್‌ಐಯ ರಂಧ್ರಕ್ಕೂ ಇನ್ನೊಂದನ್ನು ಮೇಲಿನದಕ್ಕೂ ಸಿಕ್ಕಿಸಿ. ಆ ಅಂತರದಲ್ಲೇ ಶ್ರೌಡನ್ನು ಮೇಲಿನ ಡೆಡ್‌ಐಗೆ ಸುತ್ತಿ ಕಟ್ಟಿ, ತಂತಿ ತೆಗೆದು ಲ್ಯಾನ್ಯಾರ್ಡ್ (ಎರಡು ಡೆಡ್‌ಐಗಳನ್ನು ಸೇರಿಸಿ ಬಿಗಿಯುವ ದಾರ) ಪೋಣಿಸಿ. ಅದೇ ತಂತಿಯನ್ನು ಎಲ್ಲದಕ್ಕೂ ಬಳಸಿದರೆ ಮಟ್ಟ ತಾನಾಗಿಯೇ ಸರಿಹೋಗುತ್ತದೆ. ಮುಂಬೈಯ ಹಡಗುಕಟ್ಟೆಯಲ್ಲೇ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಹಾಯಿಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿದೆ. ಶ್ರೌಡ್‌ಗಳ ಸಾಲು ಹೇಗಿರಬೇಕೆಂಬುದಕ್ಕೆ ಅದರ ಚಿತ್ರಗಳನ್ನು ಅವಶ್ಯವಾಗಿ ನೋಡಿ.

ವಾಸ್ಕೊದವರ ಕ್ರಮಕ್ಕೆ ಒಂದು ಸೇರ್ಪಡೆ ಅಗತ್ಯವೆಂದು ನನ್ನ ಅಭಿಪ್ರಾಯ. ಶ್ರೌಡ್‌ಗಳು ತುಸು ಹಿಂದಕ್ಕೂ ಎಳೆಯುತ್ತವೆ. ಆದ್ದರಿಂದ ಅವನ್ನು ಕಟ್ಟುವ ಮೊದಲೇ ಸ್ಟೇ ಬರುವ ಜಾಗದಲ್ಲಿ ತಾತ್ಕಾಲಿಕವಾಗಿ ಒಂದು ದಾರ ಕಟ್ಟಿ ಮಾಸ್ಟನ್ನು ನಕ್ಷೆಯ ಕೋನದಲ್ಲಿ ನಿಲ್ಲಿಸಿಕೊಳ್ಳಿ.

ರಾಟ್‌ಲೈನ್‌ಗಳ ನಡುವೆ ನಿಜವಾದ ಹಡಗಿನಲ್ಲಿ ಸುಮಾರು 13ರಿಂದ 15 ಅಂಗುಲ ಇರುತ್ತಿದ್ದುದರಿಂದ, ತಮ್ಮ ಅಳತೆಗೆ ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ಆಗುತ್ತದೆ. ಆ ಅಂತರಕ್ಕೆ ಗೆರೆ ಎಳೆದ ಕಾಗದವನ್ನು ಶ್ರೌಡ್‌ಗಳ ಹಿಂದೆ ಇಟ್ಟು, ಕೆಳಗಿನಿಂದ ಮೇಲಕ್ಕೆ ಪ್ರತಿ ಶ್ರೌಡಿಗೂ ಕ್ಲೋವ್ ಹಿಚ್ (ಎರಡು ಸುತ್ತಿನ ಗಂಟು) ಹಾಕುತ್ತಾ ಹೋಗಿ. ಗಂಟು ಬಿಗಿಯುವಾಗ ಆ ಶ್ರೌಡನ್ನು ಇನ್ನೊಂದು ಕೈಯ ಚಿಮ್ಮಟದಿಂದ ಹಿಡಿದುಕೊಂಡರೆ ಅದು ಜಾಗ ಬಿಡುವುದಿಲ್ಲ. ಪ್ರತಿ ಸಾಲಿನ ನಂತರ ಹಡಗಿನ ಮುಂದಿನಿಂದ ಒಮ್ಮೆ ಕಣ್ಣುಹಾಯಿಸಿ, ಮತ್ತು ರಾಟ್‌ಲೈನ್‌ಗಳೆಲ್ಲ ಮುಗಿಯುವವರೆಗೆ ಲ್ಯಾನ್ಯಾರ್ಡ್‌ಗಳ ತುದಿಗೆ ಅಂಟು ಹಾಕಬೇಡಿ; ಬಿಗಿ ಹೆಚ್ಚುಕಡಿಮೆಯಾದರೆ ಸರಿಪಡಿಸಲು ಉಳಿಯುವ ಜಾಗ ಅದೊಂದೇ.