ಅನಾಮಾರ್ಫಿಕ್ ಅಂದ್ರ ಏನ್ರೀ? ಮುಖ ಯಾಕ ಉದ್ದ ಬರ್ತಾವು?

ಪ್ರಶ್ನೆ (ಗದಗ): ನಮಸ್ಕಾರ ಸರ್, ನಾ ಮದುವಿ ವಿಡಿಯೋ ಮಾಡ್ತೇನ್ರಿ. ಮೊಬೈಲಿಗೆ ಹಾಕೋ ಅನಾಮಾರ್ಫಿಕ್ ಲೆನ್ಸ್ ತಗೊಂಡೇನಿ, ಮ್ಯಾಲ 1.33 ಅಂತ ಬರದೈತಿ. ಶೂಟ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿದ್ರ ಎಲ್ಲಾರೂ ಸಣಕಲಾಗಿ ಉದ್ದುದ್ದ ಕಾಣ್ತಾರ. ಲೆನ್ಸ್ ಡಿಫೆಕ್ಟ್ ಐತೇನ್ರಿ? ಅನಾಮಾರ್ಫಿಕ್ ಅಂದ್ರ ಮ್ಯಾಲ ಕೆಳಗ ಕರಿ ಪಟ್ಟಿ ಬರೋದು ಅಂತ ಗೆಳ್ಯಾ ಹೇಳ್ತಾನ, ಖರೇ ಏನ್ರಿ?

ಉತ್ತರ (ಹುಬ್ಬಳ್ಳಿ, ಕ್ಯಾಮೆರಾಮನ್): ಲೆನ್ಸ್ ಛಲೋ ಐತ್ರಿ, ಅದರ ಕೆಲಸಾನ ಅದು. ಎತ್ತರ ಇದ್ದಂಗ ಬಿಟ್ಟು ಅಗಲ ಅಷ್ಟ ಒತ್ತಿ ಸಣ್ಣ ಮಾಡ್ತೈತಿ, ಆಮ್ಯಾಲ ಎಡಿಟಿಂಗ್‌ನ್ಯಾಗ ನೀವು ಅದನ್ನ ಬಿಚ್ಚಬೇಕು, ಡೀಸ್ಕ್ವೀಝ್ ಅಂತೀವಿ ಇದಕ್ಕ. ಕರಿ ಪಟ್ಟಿ ಬ್ಯಾರೆ ಮಾತು. ಸಾದಾ ಲೆನ್ಸಿನ್ಯಾಗ ತಗದು ಮ್ಯಾಲ ಕೆಳಗ ಕತ್ತರಿಸಿದ್ರೂ ಪಟ್ಟಿ ಬರ್ತಾವು, ಅದನ್ನ ಅನಾಮಾರ್ಫಿಕ್ ಅಂತ ಕರೆದು ಗಿರಾಕಿ ಕಡೆ ಜಾಸ್ತಿ ರೊಕ್ಕ ತಗೊಳ್ಳೋದು ತಪ್ಪು ಅಂತ ನಾ ಎಲ್ಲಾರಿಗೂ ಹೇಳ್ತೇನಿ.

ಇದು ಹುಟ್ಟಿದ್ದು ರೀಲಿನ ಕಾಲಕ್ಕ. 35 ಎಂಎಂ ರೀಲಿನ ಫ್ರೇಮ್ ಹೆಚ್ಚುಕಮ್ಮಿ ಚೌಕ, ಅದರಾಗ ಅಗಲ ಚಿತ್ರ ಬೇಕಂದ್ರ ಮ್ಯಾಲ ಕೆಳಗಿನ ಜಾಗ ಹಾಳು ಮಾಡಬೇಕು, ಉಳಿದ ಸಣ್ಣ ತುಣುಕನ್ನ ದೊಡ್ಡ ಪರದೆಗೆ ಹಿಗ್ಗಿಸಿದ್ರ ಚಿತ್ರ ಕಾಳುಕಾಳಾಗಿ ಕಾಣ್ತೈತಿ. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ ಅನ್ನೋರು 1920ರ ದಶಕದಾಗನ ಇದಕ್ಕೊಂದು ಲೆನ್ಸ್ ಮಾಡಿದ್ರು, ಹೈಪರ್‌ಗೊನಾರ್ ಅಂತ. ಆಗ ಯಾರೂ ಭಾಳ ತಲಿ ಕೆಡಿಸ್ಕೊಳ್ಳಲಿಲ್ಲ. ಅಮೆರಿಕಾದಾಗ ಟಿವಿ ಬಂದು ಥಿಯೇಟರ್ ಖಾಲಿ ಆಗಾಕ ಹತ್ತಿದಾಗ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅದನ್ನ ತಗೊಂಡು ಸಿನಿಮಾಸ್ಕೋಪ್ ಅಂತ ಹೆಸರಿಟ್ಟು 1953ಕ್ಕ 'ದಿ ರೋಬ್' ಬಿಡುಗಡೆ ಮಾಡಿತು. ನಮ್ಮ ದೇಶದಾಗ 1959ರ 'ಕಾಗಜ್ ಕೆ ಫೂಲ್' ಮೊದಲನೇದು. ಸಿನಿಮಾಸ್ಕೋಪಿನ್ಯಾಗ ಒತ್ತೋದು 2 ಪಟ್ಟು, ನಿಮ್ಮದು 1.33 ಅಷ್ಟ. ಥಿಯೇಟರಿನ್ಯಾಗ ಪ್ರೊಜೆಕ್ಟರ್ ಮುಂದ ಇನ್ನೊಂದು ಸ್ಕೋಪ್ ಲೆನ್ಸ್ ಹಾಕಿ ಬಿಚ್ಚತಿದ್ರು, ಆಪರೇಟರ್ ಅದನ್ನ ಹಾಕೋದು ಮರೆತ್ರ ಹೀರೋ ಕಡ್ಡಿಯಂಗ ಕಂಡು ಜನ ಸೀಟಿ ಹೊಡ್ಯಾಕ ಶುರು ಮಾಡತಿದ್ರು, ನಿಮ್ಮ ಲ್ಯಾಪ್‌ಟಾಪಿನ್ಯಾಗ ಆಗಿದ್ದೂ ಅದ. ಹಳೇ ಡಿವಿಡಿ ಕವರ್ ಮ್ಯಾಲೆ ಅನಾಮಾರ್ಫಿಕ್ ಅಂತ ಇರ್ತಿತ್ತಲ್ಲ, ಅಲ್ಲೂ ಅಗಲ ಚಿತ್ರ ಒತ್ತಿ ಇಟ್ಟಿರ್ತಾರ, ಬಿಚ್ಚೋದು ಪ್ಲೇಯರ್ ಇಲ್ಲಾ ಟಿವಿ ಕೆಲಸ.

ಪ್ರಶ್ನೆ (ಧಾರವಾಡ): ಅಣ್ಣಾರ, ನಾ ಚಿತ್ರಕಲಾ ಓದಾಕತ್ತೇನ್ರಿ. ನಮ್ಮ ಸರ್ ಪೇಂಟಿಂಗಿಗೂ ಇದ ಶಬ್ದ ಹೇಳಿದ್ರು. ಎರಡೂ ಒಂದ ಏನ್ರಿ?

ಉತ್ತರ: ಬುಡ ಒಂದ ತಂಗಿ. ಹೋಲ್ಬೈನ್ ಅನ್ನೋ ಚಿತ್ರಕಾರ 1533ರಾಗ ಬರದ 'ದಿ ಅಂಬಾಸಡರ್ಸ್' ಲಂಡನ್ನಿನ ನ್ಯಾಷನಲ್ ಗ್ಯಾಲರಿಯೊಳಗೈತಿ, ಅದರಾಗ ಇಬ್ಬರ ಕಾಲ ಹತ್ರ ಏನೋ ಉದ್ದ ಬಿಳಿ ಆಕಾರ ಅಡ್ಡ ಬಿದ್ದಂಗ ಕಾಣ್ತೈತಿ, ಪಕ್ಕಕ್ಕ ಸರದು ಓರೆಯಾಗಿ ನೋಡಿದ್ರ ತಲಿಬುರುಡಿ. ಇಲ್ಲಿ ಬಿಚ್ಚೋದು ಲೆನ್ಸ್ ಅಲ್ಲ, ನೀ ನಿಂತ ಜಾಗ. ಕ್ರಿಕೆಟ್ ಗ್ರೌಂಡಿನ ಹುಲ್ಲಿನ ಮ್ಯಾಲ ಜಾಹೀರಾತು ಎದ್ದು ನಿಂತಂಗ ಟಿವಿಯೊಳಗ ಕಾಣ್ತಾವಲ್ಲ, ಅವೂ ಒಂದು ಕ್ಯಾಮೆರಾ ಜಾಗಕ್ಕ ಲೆಕ್ಕ ಹಾಕಿ ಬರದಿದ್ದು. ಹೈವೇ ಮ್ಯಾಲ ಬರದ ಅಕ್ಷರ ಹತ್ರ ನಿಂತು ನೋಡು, ಎಷ್ಟು ಉದ್ದ ಎಳದಿರ್ತಾರ, ಗಾಡಿ ಒಳಗಿಂದ ಸರಿಯಾಗಿ ಓದಾಕ ಬರ್ತಾವು.

ಪ್ರಶ್ನೆ (ಹಾವೇರಿ): ಚಷ್ಮಾ ಅಂಗಡಿ ನಮ್ದು. ಸಿಲಿಂಡರ್ ನಂಬರಿಗೂ ಇದಕ್ಕೂ ಸಂಬಂಧ ಐತೇನ್ರಿ?

ಉತ್ತರ: ಐತ್ರಿ. ನಿಮ್ಮ ಸಿಲಿಂಡರ್ ಗ್ಲಾಸ್ ಹೆಂಗ ಒಂದು ದಿಕ್ಕಿಗೆ ಅಷ್ಟ ಪವರ್ ಕೊಡ್ತೈತೋ ನಮ್ಮ ಲೆನ್ಸಿನೊಳಗೂ ಹಂಗ ಸಿಲಿಂಡರ್ ಗ್ಲಾಸ್ ಇರ್ತಾವು. ಈಗ ಎಎಸ್‌ಎಂಎಲ್ ಕಂಪನಿಯ ಹೈ-ಎನ್‌ಎ ಅನ್ನೋ, ಕಂಪ್ಯೂಟರ್ ಚಿಪ್ ಮ್ಯಾಲ ನಕ್ಷಾ ಮೂಡಿಸೋ ಮಷೀನಿನ್ಯಾಗೂ ಆ ನಕ್ಷಾನ ಒಂದು ದಿಕ್ಕಿಗೆ 4 ಪಟ್ಟು, ಇನ್ನೊಂದು ದಿಕ್ಕಿಗೆ 8 ಪಟ್ಟು ಸಣ್ಣ ಮಾಡ್ತಾರ, ಅಲ್ಲಿ ಕನ್ನಡಿಯಿಂದ.

ಪ್ರಶ್ನೆ (ಗದಗ): ಸರ್ ಈಗ ನಾ ಏನ್ ಮಾಡ್ಲಿ, ಗಿರಾಕಿ ಫೋನ್ ಮ್ಯಾಲ ಫೋನ್ ಮಾಡಾಕತ್ತಾರ.

ಉತ್ತರ: ಗಾಬರಿ ಆಗಬ್ಯಾಡ್ರಿ, ಫುಟೇಜ್ ಎಲ್ಲಾ ಉಳಿತೈತಿ. 1920×1080 ಕ್ಲಿಪ್ ಇದ್ರ ಅಗಲ ಹಂಗ ಬಿಟ್ಟು ಎತ್ತರ ಅಷ್ಟ 75%ಗೆ ಇಳಸ್ರಿ, ಸುಮಾರು 1920×810 ಆಗ್ತೈತಿ, ಮುಖ ಸರಿ ಬರ್ತಾವು. ಮುಂದಿನ ಮದುವಿಗೆ ಲೆನ್ಸ್ ಹಾಕಿದ ಕೂಡ್ಲೆ ಅದರ ಎದುರಿಗೆ ಟಾರ್ಚ್ ಹಿಡೀರಿ, ಚಿತ್ರದಾಗ ಬರೋ ಬೆಳಕಿನ ಗೆರಿ ಪೂರಾ ಅಡ್ಡ ಇರಬೇಕು, ವಾರೆ ಇದ್ರ ಲೆನ್ಸ್ ತಿರುಗೇತಿ ಅಂತ ಅರ್ಥ, ಆಮ್ಯಾಲ ಎಡಿಟಿಂಗ್‌ನ್ಯಾಗ ಸರಿ ಮಾಡೋದು ಭಾಳ ತ್ರಾಸ. ಬೀಗರೆಲ್ಲಾ ನಿಂತು ಅಕ್ಕಿಕಾಳು ಹಾಕೋ ಶಾಟಿಗೆ ಈ ಲೆನ್ಸ್ ಮಸ್ತ್, ರೀಲ್ಸಿಗೆ ಫೋನ್ ನಿಲ್ಲಿಸಿ ತಗಿಯೋ ಉದ್ದ ವಿಡಿಯೋ ಬೇಕಂದ್ರ ಲೆನ್ಸ್ ತಗದಿಡ್ರಿ. ಮತ್ತ ಶೂಟ್ ಶುರು ಮಾಡೋಕಿಂತ ಮೊದಲ ಒಂದು ಊಟದ ತಾಟು ಎದುರಿಗೆ ಹಿಡಿಸಿ ಒಂದು ಕ್ಲಿಪ್ ತಗೋರಿ, ಡೀಸ್ಕ್ವೀಝ್ ಆದಮ್ಯಾಲ ತಾಟು ದುಂಡಗ ಬಂದ್ರ ನಿಮ್ಮ ಸೆಟ್ಟಿಂಗ್ ಸರಿ ಐತಿ.