ಸರ್ವರ್ ರೂಮಿನ ಅಲಾರಂ: ಬೇಡದಾಗ ಕೂಗುತ್ತೆ, ಬೇಕಾದಾಗ ಸುಮ್ಮನಿರುತ್ತೆ

ಒಂಟಿಅಡ್ಮಿನ್:

ನಮ್ಮ ಆಫೀಸಿನ ಸರ್ವರ್, ನೆಟ್‌ವರ್ಕ್ ಎರಡನ್ನೂ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಸರ್ವರ್ ರೂಮ್ ಅನ್ನೋದು ದೊಡ್ಡ ಹೆಸರು. ಮೊದಲು ಹಳೇ ಫೈಲು, ಮುರಿದ ಕುರ್ಚಿ ತುಂಬಿದ್ದ ಕೋಣೆ ಅದು. ಈಗ ಎರಡು ರ‍್ಯಾಕ್, ಒಂದು ಯುಪಿಎಸ್, ಎರಡು ಸ್ಪ್ಲಿಟ್ ಎಸಿ ಇವೆ. ಆರು ತಿಂಗಳ ಹಿಂದೆ ಒಂದು ಮಾನಿಟರಿಂಗ್ ಬಾಕ್ಸ್ ಹಾಕಿಸಿದೆವು. ಅದಕ್ಕೆ ಶಾಖ ಮತ್ತು ತೇವಾಂಶ ಅಳೆಯುವ ಎರಡು ಪ್ರೋಬ್, ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್, ನೀರು ಸೋರಿದರೆ ಹೇಳಲು ನೆಲದ ಮೇಲೆ ಹಗ್ಗದಂಥ ಒಂದು ಕೇಬಲ್.

ಹಾಕಿಕೊಟ್ಟವರು 25 ಡಿಗ್ರಿಗೆ ವಾರ್ನಿಂಗ್, 35ಕ್ಕೆ ಕ್ರಿಟಿಕಲ್ ಅಂತ ಇಟ್ಟು ಹೋದರು. ತೇವಾಂಶ ಶೇ 40ಕ್ಕಿಂತ ಇಳಿದರೂ ವಾರ್ನಿಂಗ್, 60 ದಾಟಿದರೂ ವಾರ್ನಿಂಗ್. ವಾರ್ನಿಂಗ್ ಆದರೆ ನನಗೆ ಎಸ್‌ಎಂಎಸ್. ಕ್ರಿಟಿಕಲ್ ಆದರೆ ನನಗೂ ಮ್ಯಾನೇಜರಿಗೂ ಮೇಲ್.

ಮೊದಲ ರಾತ್ರಿಯೇ 63 ಎಸ್‌ಎಂಎಸ್ ಬಂದವು. 25.1, ಆಮೇಲೆ ಸರಿಹೋಯಿತು, ಮತ್ತೆ 25.1, ಮತ್ತೆ ಸರಿಹೋಯಿತು. ಎಸಿ ಕಂಪ್ರೆಸರ್ ಆನ್-ಆಫ್ ಆದಂತೆಲ್ಲ ನನ್ನ ಫೋನೂ ಕುಯ್ ಕುಯ್. ಒಂದು ವಾರ ತಡೆದುಕೊಂಡೆ, ಆಮೇಲೆ ಆ ನಂಬರನ್ನು ಮ್ಯೂಟ್ ಮಾಡಿದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಮೂರು ವಾರದ ಹಿಂದೆ ಶನಿವಾರ ರಾತ್ರಿ ಕರೆಂಟ್ ಎರಡು ನಿಮಿಷ ಹೋಗಿ ಬಂತು. ಯುಪಿಎಸ್ ಇದ್ದುದರಿಂದ ಸರ್ವರ್‌ಗಳಿಗೆ ಅದು ಗೊತ್ತೇ ಆಗಲಿಲ್ಲ. ಎಸಿಗಳು ಮಾತ್ರ ಆಫ್ ಆದವು, ಮತ್ತೆ ಆನ್ ಆಗಲಿಲ್ಲ. ರಿಮೋಟ್ ಒತ್ತಲು ಯಾರಾದರೂ ಬೇಕಲ್ಲ. ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿ ‘ಏನೂ ಓಪನ್ ಆಗ್ತಿಲ್ಲ’ ಅಂದಾಗಲೇ ನನಗೆ ಗೊತ್ತಾಗಿದ್ದು. ಹೋಗಿ ಬಾಗಿಲು ತೆಗೆದರೆ ಒಲೆ ಮುಂದೆ ನಿಂತ ಹಾಗೆ ಮುಖಕ್ಕೆ ಬಿಸಿ ರಾಚಿತು. ಸ್ಟೋರೇಜ್ (ಡೇಟಾ ಇಡುವ ಡಿಸ್ಕ್‌ಗಳ ಮೆಷಿನ್) ತಾನಾಗಿಯೇ ಶಟ್‌ಡೌನ್ ಆಗಿತ್ತು. ಅದರ ಲಾಗ್‌ನಲ್ಲಿ ಒಳಗೆ ಎಳೆದುಕೊಂಡ ಗಾಳಿ 43 ಡಿಗ್ರಿ ಅಂತಿದೆ. ಬಾಕ್ಸಿನ ಗ್ರಾಫ್ ನೋಡಿದರೆ ರಾತ್ರಿಯಿಡೀ ಹತ್ತಿದ ಗರಿಷ್ಠ 34.2! 35 ಮುಟ್ಟಲೇ ಇಲ್ಲ, ಮೇಲ್ ಹೋಗಲೇ ಇಲ್ಲ.

ಸೆನ್ಸರ್ ಕೆಟ್ಟಿದೆಯಾ? ಅಥವಾ ನಂಬರ್‌ಗಳೇ ತಪ್ಪಾ? ಏನಿಟ್ಟರೆ ಸರಿ?

ತಂಪುಗಾಳಿ:

ಸೆನ್ಸರ್ ಕೆಟ್ಟಿರಲಿಕ್ಕಿಲ್ಲ. ಪ್ರೋಬ್ ಎಲ್ಲಿದೆ ಅಂತ ನೀವು ಬರೆದೇ ಇಲ್ಲ. ನಾನು ಊಹೆ ಮಾಡಲಾ? ಬಾಗಿಲ ಪಕ್ಕದ ಗೋಡೆಯಲ್ಲಿ, ಎದೆಯೆತ್ತರಕ್ಕೆ, ಸ್ವಿಚ್‌ಬೋರ್ಡಿನ ಪಕ್ಕ. ಮೊಳೆ ಹೊಡೆಯಲು ಸುಲಭ ಆಗುವ ಜಾಗ.

ಗೋಡೆಗೆ ಎಷ್ಟು ಬಿಸಿ ಅನ್ನೋದು ನಮಗೆ ಬೇಡ. ಸರ್ವರ್ ತನ್ನ ಮೂತಿಯಿಂದ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಅನ್ನೋದು ಬೇಕು. ಅದಕ್ಕೆ ಪ್ರೋಬ್ ರ‍್ಯಾಕ್‌ನ ಮುಂಭಾಗದಲ್ಲಿ ಇರಬೇಕು. ಸಾಧ್ಯವಾದರೆ ಮೂರು ಎತ್ತರದಲ್ಲಿ: ಮೇಲೆ, ನಡುವೆ, ಕೆಳಗೆ. ನಿಮ್ಮ ಹತ್ತಿರ ಎರಡೇ ಇದ್ದರೆ ಎರಡನ್ನೂ ಮೇಲಕ್ಕೇ ಕಟ್ಟಿ, ಒಂದೊಂದು ರ‍್ಯಾಕ್‌ಗೆ ಒಂದೊಂದು. ಹಿಂದಿನಿಂದ ಹೊರಬಂದ ಬಿಸಿ ಗಾಳಿ ರ‍್ಯಾಕ್‌ನ ತಲೆ ಮೇಲಿಂದ ಉರುಳಿ ಮುಂದಕ್ಕೆ ಬರುತ್ತೆ. ಅದನ್ನು ಮೊದಲು ಕುಡಿಯೋದು ಮೇಲಿನ ಮೆಷಿನ್. ನಿಮ್ಮ ಸ್ಟೋರೇಜ್ ಮೇಲುಗಡೆ ಇತ್ತು ತಾನೇ?

ಇನ್ನು ನಂಬರ್. ಆಶ್ರೇ (ASHRAE) ಅನ್ನುವ ಎಸಿ ಎಂಜಿನಿಯರುಗಳ ಸಂಸ್ಥೆ ಇಂಥ ಕೋಣೆಗಳಿಗೆ ಹೇಳೋದು, ಒಳಹೋಗುವ ಗಾಳಿ 18ರಿಂದ 27 ಡಿಗ್ರಿ. ಅಂದರೆ 25 ಆರಾಮದ ಉಷ್ಣಾಂಶ. ಅದಕ್ಕೆ ಅಲಾರಂ ಇಡೋದು, ಊಟ ಮಾಡಿದವನಿಗೆ ಹೊಟ್ಟೆ ತುಂಬಿದೆ ಅಂತ ಆಂಬುಲೆನ್ಸ್ ಕರೆದ ಹಾಗೆ. ನಾನು ಇಡೋದು ಹೀಗೆ: 28 ದಾಟಿ 10 ನಿಮಿಷ ನಿಂತರೆ ವಾರ್ನಿಂಗ್, 32 ದಾಟಿ 2 ನಿಮಿಷ ನಿಂತರೆ ಕ್ರಿಟಿಕಲ್. 28ಕ್ಕೆ ಶುರುವಾದ ವಾರ್ನಿಂಗ್ 26ಕ್ಕೆ ಇಳಿಯುವ ತನಕ ಮುಗಿಯಬಾರದು. ಬಾಕ್ಸಿನ ಮೆನುವಿನಲ್ಲಿ ಇದಕ್ಕೆ ಹಿಸ್ಟರಿಸಿಸ್ ಅಂತಲೋ ಡೆಡ್‌ಬ್ಯಾಂಡ್ ಅಂತಲೋ ಇರುತ್ತೆ. ನಿಮ್ಮದರಲ್ಲಿ ಅದು ಸೊನ್ನೆ ಇದೆ, ಪಣ ಕಟ್ಟುತ್ತೇನೆ. ಆ 63 ಎಸ್‌ಎಂಎಸ್ ಬಂದಿದ್ದು ಅದರಿಂದಲೇ.

ಏರುವ ವೇಗಕ್ಕೂ ಒಂದು ಅಲಾರಂ ಇಡಿ. 10 ನಿಮಿಷದಲ್ಲಿ 3 ಡಿಗ್ರಿ ಏರಿತು ಅಂದರೆ ಎಸಿ ನಿಂತಿದೆ ಅಂತಲೇ ಲೆಕ್ಕ. 32 ಮುಟ್ಟುವ ತನಕ ಯಾಕೆ ಕಾಯಬೇಕು?

ತೇವಾಂಶದ ಪರ್ಸೆಂಟ್ ಅಲಾರಂ ಸುಮ್ನೆ ತಲೆನೋವು. ಒಂದೇ ಗಾಳಿ ತಗೊಳ್ಳಿ. 24 ಡಿಗ್ರಿಯಲ್ಲಿ ಅದು ಶೇ 50 ಅಂತ ತೋರಿಸಿದರೆ, ಎಸಿ ಮುಂದೆ 18 ಡಿಗ್ರಿಗೆ ಇಳಿದಾಗ 72ರ ಹತ್ತಿರ, ರ‍್ಯಾಕ್ ಹಿಂದೆ 30ಕ್ಕೆ ಏರಿದಾಗ 35. ಗಾಳಿಯಲ್ಲಿ ನೀರು ಒಂದು ಹನಿಯೂ ಜಾಸ್ತಿ ಆಗಿಲ್ಲ, ಕಡಿಮೆ ಆಗಿಲ್ಲ. ಮೂರರಲ್ಲೂ ಡ್ಯೂ ಪಾಯಿಂಟ್, ಅಂದರೆ ಗಾಳಿಯ ನೀರು ಹನಿಗಟ್ಟಲು ಶುರುವಾಗುವ ಉಷ್ಣಾಂಶ, ಸುಮಾರು 13 ಡಿಗ್ರಿಯೇ. ಬಾಕ್ಸ್ ಡ್ಯೂ ಪಾಯಿಂಟ್ ಲೆಕ್ಕ ಹಾಕಿಕೊಡುತ್ತಿದ್ದರೆ ಅದು 15 ದಾಟಿದಾಗ ಮಾತ್ರ ಎಬ್ಬಿಸಲು ಹೇಳಿ.

ಒಂಟಿಅಡ್ಮಿನ್:

ಬಾಗಿಲ ಪಕ್ಕದ ಗೋಡೆ, ಎದೆಯೆತ್ತರ. ಸ್ವಿಚ್‌ಬೋರ್ಡಿನ ಪಕ್ಕ ಅನ್ನೋದೂ ಸರಿ. ಬಾಗಿಲ ಕೆಳಗೆ ಒಂದು ಬೆರಳು ಸಂದು ಬೇರೆ ಇದೆ, ಕಾರಿಡಾರಿನ ಗಾಳಿ ಅಲ್ಲಿಂದಲೇ ಬರುತ್ತೆ. ಸ್ಟೋರೇಜ್ ಮೇಲುಗಡೆಯೇ. ಹಿಸ್ಟರಿಸಿಸ್ 0.0. ನೀವೇನು ಕ್ಯಾಮೆರಾ ಇಟ್ಟಿದ್ದೀರಾ?

ಹಳೇಬ್ಯಾಟರಿ:

ನಂಬರ್ ಚರ್ಚೆ ಚೆನ್ನಾಗಿದೆ. ನನಗೆ ಬೇರೆ ಪ್ರಶ್ನೆ ಇದೆ. ಆ ರಾತ್ರಿ 35 ದಾಟಿತ್ತು ಅಂತಲೇ ಇಟ್ಟುಕೊಳ್ಳಿ. ಮೇಲ್ ಹೋಗುತ್ತಿತ್ತಾ? ನಿಮ್ಮ ಮೇಲ್ ಸರ್ವರ್ ಎಲ್ಲಿದೆ?

ಅದೇ ರ‍್ಯಾಕ್‌ನಲ್ಲಿ ಇದ್ದರೆ, ಬೆಂಕಿ ಬಿದ್ದ ಮನೆಯವನೇ ಓಡಿ ಬಂದು ಊರಿಗೆ ಹೇಳಬೇಕು ಅಂದ ಹಾಗಾಯಿತು. ಅಲಾರಂ ಹೊರಗೆ ಹೋಗುವ ದಾರಿಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬಾಕ್ಸ್, ಅದರ ಅಡಾಪ್ಟರ್, ಸ್ವಿಚ್, ಫೈರ್‌ವಾಲ್, ಇಂಟರ್ನೆಟ್ ಕೊಡುವವರ ಮೋಡೆಮ್, ಮೇಲ್ ಅಥವಾ ಎಸ್‌ಎಂಎಸ್. ಇದರಲ್ಲಿ ಯುಪಿಎಸ್ ಮೇಲೆ ಇಲ್ಲದ್ದು ಯಾವುದು? ಸಾಮಾನ್ಯವಾಗಿ ಮೋಡೆಮ್. ಬಾಕ್ಸಿಗೆ ಸಿಮ್ ಹಾಕುವ ಜಾಗ ಇದ್ದರೆ ಕ್ರಿಟಿಕಲ್ ಎಸ್‌ಎಂಎಸ್ ಅಲ್ಲಿಂದ ನೇರ ಹೋಗಲಿ.

ಬಾಕ್ಸ್ ಎಸ್‌ಎನ್‌ಎಂಪಿ ಟ್ರ್ಯಾಪ್ (ನೆಟ್‌ವರ್ಕಿನಲ್ಲಿ ತಾನಾಗಿ ಹೋಗುವ ಎಚ್ಚರಿಕೆ ಸಂದೇಶ) ಕಳಿಸುತ್ತೆ ಅಂತ ನೆಮ್ಮದಿಯಾಗಿ ಇರಬೇಡಿ. ಟ್ರ್ಯಾಪ್ ಹೋಗೋದು ಯುಡಿಪಿ 162 ಪೋರ್ಟಿಗೆ, ಯುಡಿಪಿ ಅಂದರೆ ಮುಟ್ಟಿತಾ ಅಂತ ನೋಡದೆ ಕಳಿಸುವ ವಿಧಾನ. ದಾರಿಯಲ್ಲಿ ಕಳೆದುಹೋದರೆ ಕಳಿಸಿದವನಿಗೂ ತಿಳಿಯಲ್ಲ, ತಗೊಳ್ಳಬೇಕಾದವನಿಗೂ ತಿಳಿಯಲ್ಲ. ಇನ್‌ಫಾರ್ಮ್ ಅಂತ ಆಯ್ಕೆ ಇದ್ದರೆ ಅದನ್ನು ಬಳಸಿ, ಅದು ‘ಮುಟ್ಟಿತು’ ಅನ್ನುವ ಉತ್ತರಕ್ಕೆ ಕಾಯುತ್ತೆ. ಜೊತೆಗೆ ನಿಮ್ಮ ಮಾನಿಟರಿಂಗ್ ಸಾಫ್ಟ್‌ವೇರ್ ನಿಮಿಷಕ್ಕೊಮ್ಮೆ ತಾನೇ ಹೋಗಿ ಬಾಕ್ಸನ್ನು ಕೇಳಲಿ.

ನನ್ನ ಕಥೆ ಹೇಳುತ್ತೇನೆ. ಹಿಂದಿನ ಕೆಲಸದಲ್ಲಿ ನಮ್ಮ ಬಾಕ್ಸಿನಿಂದ 19 ದಿನ ಒಂದೂ ಅಲಾರಂ ಬರಲಿಲ್ಲ. ಎಸಿ ಸರ್ವಿಸ್ ಮಾಡಿಸಿದ್ದು ಸಾರ್ಥಕ ಆಯಿತು ಅಂತ ಖುಷಿಯಲ್ಲಿದ್ದೆ. ಒಂದಿನ ಒಳಗೆ ಹೋದರೆ ಬಾಕ್ಸಿನ ದೀಪವೇ ಉರಿಯುತ್ತಿಲ್ಲ. ಯಾರೋ ವ್ಯಾಕ್ಯೂಮ್ ಕ್ಲೀನರ್ ಹಾಕಲು ಅದರ ಪ್ಲಗ್ ಕಿತ್ತಿದ್ದರು. ಅವತ್ತಿನಿಂದ ಹೊರಗಿನ ಒಂದು ಮೆಷಿನ್‌ಗೆ ಬಾಕ್ಸ್ 5 ನಿಮಿಷಕ್ಕೊಮ್ಮೆ ‘ಇದ್ದೀನಿ’ ಅನ್ನಬೇಕು. ಎರಡು ಸಲ ಅನ್ನದಿದ್ದರೆ ಆ ಹೊರಗಿನ ಮೆಷಿನ್ ನನ್ನನ್ನು ಎಬ್ಬಿಸುತ್ತೆ.

ತಂತಿ ವಿಷಯದಲ್ಲೂ ಇದೇ ಮಾತು. ಎಸಿ ಕೆಟ್ಟರೆ ತಿಳಿಸುವ ಫಾಲ್ಟ್ ರಿಲೇ, ಬಾಗಿಲ ಸ್ವಿಚ್, ಇವೆಲ್ಲ ಸರಿ ಇದ್ದಾಗ ಸರ್ಕ್ಯೂಟ್ ಮುಚ್ಚಿರುವ ಹಾಗೆ ಜೋಡಿಸಿ. ಆಗ ಇಲಿ ತಂತಿ ಕಡಿದರೂ ಅಲಾರಂ ಬರುತ್ತೆ. ಉಲ್ಟಾ ಜೋಡಿಸಿದರೆ ಕಡಿದ ತಂತಿಯೂ ‘ಎಲ್ಲ ಸರಿ ಇದೆ’ ಅಂತಲೇ ಹೇಳುತ್ತೆ, ವರ್ಷಗಟ್ಟಲೆ.

ಬೆಸುಗೆಕಡ್ಡಿ:

ತಂಪುಗಾಳಿ ಅವರ 28 ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಒಬ್ಬನೇ ನೋಡಿಕೊಳ್ಳುವ ಜಾಗ, ಮನೆ ದೂರ ಇದ್ದರೆ? ನಂಬರ್ ಇಡುವ ಮೊದಲು ಆ ಕೋಣೆ ಎಷ್ಟು ಬೇಗ ಕಾಯುತ್ತೆ ಅಂತ ನೋಡಬೇಕು. ಕೆಲಸದ ಹೊತ್ತಲ್ಲಿ, ಪಕ್ಕದಲ್ಲೇ ನಿಂತು, ಎರಡೂ ಎಸಿ ಆಫ್ ಮಾಡಿ ಗಡಿಯಾರ ನೋಡಿ. 30 ಮುಟ್ಟುತ್ತಿದ್ದಂತೆ ಆನ್ ಮಾಡಿ.

ಇನ್ನೊಂದು. ತೇವಾಂಶದ ಸೆನ್ಸರ್ ಮೇಲೆ ಅನುಮಾನ ಇದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹಾಗೆ ಆಗುವಷ್ಟು ನೀರು ಹಾಕಿ. ಪ್ರೋಬ್ ಜೊತೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ, ಉಪ್ಪು ಪ್ರೋಬ್‌ಗೆ ತಾಗಬಾರದು. 25 ಡಿಗ್ರಿ ಆಸುಪಾಸಿನಲ್ಲಿ ಅದು 75 ತೋರಿಸಬೇಕು. 68 ತೋರಿಸಿದರೆ 7 ಕಡಿಮೆ ಓದುತ್ತಿದೆ ಅಂತ ಅರ್ಥ.

ಯಾರಾದರೂ ಶಾಖ ಅಳೆಯುವ ಡಿಎಸ್18ಬಿ20 ಚಿಪ್ ಹಾಕಿ ಕೈಯಲ್ಲೇ ಮಾಡಿಕೊಂಡಿದ್ದರೆ: ಇದ್ದಕ್ಕಿದ್ದಂತೆ ಸರಿಯಾಗಿ 85 ಡಿಗ್ರಿ ಬಂದರೆ ಹೆದರಬೇಡಿ. ಕರೆಂಟ್ ಬಂದ ಕ್ಷಣ ಆ ಚಿಪ್‌ನ ಒಳಗೆ ಇರುವ ಬೆಲೆಯೇ 85. ಅಳತೆ ಮುಗಿಯುವ ಮೊದಲೇ ಓದಿದ್ದೀರಿ, ಅಷ್ಟೇ.

ತಂಪುಗಾಳಿ:

ಒಪ್ಪಿದೆ. ಮನೆ ದೂರ ಇದ್ದರೆ 27 ಇಡಿ, ಜಗಳ ಇಲ್ಲ. ಆದರೆ ಮೊದಲು ಪ್ರೋಬ್ ಜಾಗ ಬದಲಾಯಿಸಿ ಎರಡು ದಿನ ಸುಮ್ನೆ ಗ್ರಾಫ್ ನೋಡಿ, ಆಮೇಲೆ ನಂಬರ್.

ಒಂಟಿಅಡ್ಮಿನ್:

ಹನ್ನೊಂದು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಪ್ರೋಬ್‌ಗಳನ್ನು ಕೇಬಲ್ ಟೈನಲ್ಲಿ ರ‍್ಯಾಕ್ ಮುಂದೆ ಮೇಲುಗಡೆ ಕಟ್ಟಿದೆ. ಗೋಡೆಯಲ್ಲಿ 23.5 ತೋರಿಸುತ್ತಿದ್ದದ್ದು ಅಲ್ಲಿ 29. ಎಸಿ ಚೆನ್ನಾಗಿ ಓಡುತ್ತಿರುವಾಗಲೇ 29! ಬಗ್ಗಿ ನೋಡಿದರೆ ಸ್ಟೋರೇಜ್ ಕೆಳಗೆ ನಾಲ್ಕು ಸ್ಲಾಟ್ ಖಾಲಿ. ಕೈ ಇಟ್ಟರೆ ಹಿಂದಿನ ಬಿಸಿ ಗಾಳಿ ಅಲ್ಲಿಂದ ಸೀದಾ ಮುಂದಕ್ಕೆ ಬರುತ್ತಿದೆ, ಹೇರ್ ಡ್ರೈಯರ್ ಹಿಡಿದ ಹಾಗೆ. ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿ ಮುಚ್ಚಿದೆ. ಅರ್ಧ ಗಂಟೆಯಲ್ಲಿ 25.5ಕ್ಕೆ ಇಳಿಯಿತು. ಸೆನ್ಸರ್ ವಿಷಯ ಕೇಳಲು ಬಂದವನಿಗೆ ರ‍್ಯಾಕ್‌ನ ಕಾಯಿಲೆ ಸಿಕ್ಕಿತು.

ಎಸಿ ಆಫ್ ಪರೀಕ್ಷೆಯೂ ಮಾಡಿದೆ, ರಿಮೋಟ್ ಕೈಯಲ್ಲೇ ಹಿಡಿದುಕೊಂಡು. 25.5ರಿಂದ 30ಕ್ಕೆ ಏರಲು 9 ನಿಮಿಷ. ನನ್ನ ಮನೆಯಿಂದ ಆಫೀಸಿಗೆ 40 ನಿಮಿಷ. ಈ ಎರಡು ನಂಬರ್ ಪಕ್ಕಪಕ್ಕ ಬರೆದು ಮ್ಯಾನೇಜರ್ ಟೇಬಲ್ ಮೇಲೆ ಇಟ್ಟೆ. ಕರೆಂಟ್ ಬಂದ ಮೇಲೆ ತಾನಾಗಿ ಶುರುವಾಗುವ ಸೆಟ್ಟಿಂಗ್ ಎಸಿಯಲ್ಲಿ ಮೊದಲಿಂದಲೂ ಇತ್ತಂತೆ, ಯಾರೂ ಆನ್ ಮಾಡಿರಲಿಲ್ಲ. ಮೆಕ್ಯಾನಿಕ್ ಬಂದು ಹತ್ತು ನಿಮಿಷದಲ್ಲಿ ಮಾಡಿ ಹೋದ. ಅದೂ ಕೈಕೊಟ್ಟರೆ ಇರಲಿ ಅಂತ, 34 ದಾಟಿದರೆ ಅಷ್ಟು ಮುಖ್ಯವಲ್ಲದ ಸರ್ವರ್‌ಗಳು ತಾವೇ ಶಟ್‌ಡೌನ್ ಆಗಲು ಒಂದು ಸ್ಕ್ರಿಪ್ಟ್ ಬರೆದಿದ್ದೇನೆ.

ವಾರ್ನಿಂಗ್ 27ಕ್ಕೆ, ಹಿಸ್ಟರಿಸಿಸ್ 2, ಕಾಯುವ ಸಮಯ 10 ನಿಮಿಷ. ಕ್ರಿಟಿಕಲ್ 32, 2 ನಿಮಿಷ. ಏರುವ ವೇಗದ್ದು ತಂಪುಗಾಳಿ ಹೇಳಿದ ಹಾಗೇ. ಎಸಿ ಆಫ್ ಮಾಡಿದಾಗ ಮೊದಲು ಕೂಗಿದ್ದು ಅದೇ, 6ನೇ ನಿಮಿಷಕ್ಕೆ. ಹಳೇಬ್ಯಾಟರಿ ಅವರೇ, ಹೌದು, ಮೇಲ್ ಸರ್ವರ್ ಅದೇ ರ‍್ಯಾಕ್‌ನಲ್ಲಿ, ಅದರ ಡಿಸ್ಕ್ ಅದೇ ಸ್ಟೋರೇಜ್ ಮೇಲೆ. ಮೋಡೆಮ್ ಗೋಡೆಯ ಪ್ಲಗ್ಗಿನಲ್ಲಿತ್ತು. ಈಗ ಯುಪಿಎಸ್‌ಗೆ ಬಂದಿದೆ, ಬಾಕ್ಸಿಗೆ ಸಿಮ್ ಹಾಕಿದ್ದೇನೆ.

ಸೋರಿಕೆಯ ಕೇಬಲ್ ಕೋಣೆಯ ನಟ್ಟನಡುವೆ ಚಂದಕ್ಕೆ ಹಾಸಿದ ಹಾಗೆ ಬಿದ್ದಿತ್ತು. ಎಸಿಯ ಡ್ರೈನ್ ಪೈಪ್ ಇರೋದು ಮೂಲೆಯಲ್ಲಿ, ನೆಲದ ಇಳಿಜಾರೂ ಆ ಕಡೆಗೇ. ಅಲ್ಲಿಗೆ ಸರಿಸಿ, ಒದ್ದೆ ಬಟ್ಟೆ ಇಟ್ಟು ನೋಡಿದೆ. ಕೂಗಿತು.

ಹನ್ನೊಂದು ದಿನದಲ್ಲಿ, ನಾನೇ ಪರೀಕ್ಷೆಗೆ ಎಬ್ಬಿಸಿದ್ದು ಬಿಟ್ಟರೆ, ಬಂದ ಎಸ್‌ಎಂಎಸ್ ಎರಡು. ಒಂದು ಎಸಿ ಫಿಲ್ಟರ್ ತೊಳೆಯಲು ಬಂದ ದಿನದ್ದು. ಇನ್ನೊಂದು ರಾತ್ರಿ 2.20ಕ್ಕೆ, ಬಾಗಿಲು ತೆರೆದಿದೆ ಅಂತ. ಎದೆ ಹೊಡೆದುಕೊಳ್ಳುತ್ತ ಫೋನ್ ಮಾಡಿದರೆ ಕಾವಲಿನವರು ಎತ್ತಿದರು: ‘ಇಲ್ಲೇ ಒಳಗಿದ್ದೀನಿ ಸಾರ್, ತಣ್ಣಗಿದೆ ಅಂತ ಸ್ವಲ್ಪ ಕೂತಿದ್ದೆ.’