ಕೇಳಿ-ಹೇಳಿ: ಪಕ್ಕದ ಮನೆಯವರು ಕೊಟ್ಟ ನಾಲ್ಕು ಪೆಟ್ಟಿಗೆ ‘ಲೋಕಸ್’, ಏನು ಮಾಡಲಿ?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಮೇಡಂ, ನಮಸ್ಕಾರ. ಪಕ್ಕದ ಮನೆಯ ಅಜ್ಜ ಮನೆ ಖಾಲಿ ಮಾಡುವಾಗ ನಾಲ್ಕು ಪೆಟ್ಟಿಗೆ ಹಳೆ ಪತ್ರಿಕೆ ಕೊಟ್ಟರು. ಹೆಚ್ಚಿನವು ‘ಲೋಕಸ್’ ಅನ್ನುವ ಅಮೆರಿಕದ ಪತ್ರಿಕೆ. ‘ಸೈನ್ಸ್ ಫಿಕ್ಷನ್ ಕ್ರಾನಿಕಲ್’ ಅಂತ ಇನ್ನೊಂದಿಷ್ಟು. ವೈಜ್ಞಾನಿಕ ಕಥೆ ಇರಬಹುದು ಅಂತ ಆಸೆಯಿಂದ ತೆಗೆದರೆ ಬರೀ ಸುದ್ದಿ, ಪುಸ್ತಕದ ಪಟ್ಟಿ, ಸಂದರ್ಶನ. ಆದರೂ ಬಿಡಲು ಮನಸ್ಸಿಲ್ಲ. ಇವಕ್ಕೆ ಬೆಲೆ ಇದೆಯಾ? ನಡುವೆ ಬಿಟ್ಟುಹೋದ ಸಂಚಿಕೆ ಹುಡುಕಿ ಪೂರ್ತಿ ಮಾಡಬೇಕಾ? ಹೆಂಡತಿ ಗ್ಯಾರೇಜ್ ಖಾಲಿ ಮಾಡಿ ಅಂತಿದ್ದಾಳೆ, ಅದೂ ನಿಮ್ಮ ಗಮನದಲ್ಲಿರಲಿ.

ಉತ್ತರ

ನಾನು ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ಹಳೆ ಪತ್ರಿಕೆಗಳ ಜೋಪಾನ ನೋಡಿಕೊಂಡವಳು. ಹಾಗಾಗಿ ಮೊದಲೇ ಒಂದು ಬೇಸರದ ಮಾತು. ಇವನ್ನು ಮಾರಿ ಸಾಲ ತೀರಿಸಲು ಆಗುವುದಿಲ್ಲ. ಕಥೆ ಪತ್ರಿಕೆಗೆ ದುಡ್ಡು ಬರುವುದು, ದೊಡ್ಡ ಲೇಖಕನ ಕಥೆ ಮೊದಲು ಅದರಲ್ಲಿ ಅಚ್ಚಾಯಿತು ಅನ್ನುವ ಕಾರಣಕ್ಕೆ. ಸುದ್ದಿ ಪತ್ರಿಕೆಗೆ ಆ ಭಾಗ್ಯ ಇಲ್ಲ.

ಆದರೆ ಅಜ್ಜ ಕೊಟ್ಟಿರುವುದು ಸಣ್ಣ ವಸ್ತು ಏನಲ್ಲ. ಲೋಕಸ್ ಶುರುವಾದದ್ದು 1968ರಲ್ಲಿ. ಚಾರ್ಲ್ಸ್ ಎನ್. ಬ್ರೌನ್, ಎಡ್ ಮೆಸ್ಕಿಸ್, ಡೇವ್ ವ್ಯಾಂಡರ್‌ವರ್ಫ್ ಅಂತ ಮೂವರು ಸೇರಿ ಹೊರತಂದ ಒಂದು ಹಾಳೆಯ ಸುದ್ದಿಪತ್ರ ಅದು. ಉದ್ದೇಶ ಒಂದೇ: ವಿಶ್ವ ವಿಜ್ಞಾನ ಕಥಾ ಸಮ್ಮೇಳನ, ಅಂದರೆ ವರ್ಲ್ಡ್‌ಕಾನ್, ಬಾಸ್ಟನ್‌ಗೆ ಬರಲಿ ಅಂತ ಪ್ರಚಾರ. 1971ರಲ್ಲಿ ಸಮ್ಮೇಳನ ಬಾಸ್ಟನ್‌ನಲ್ಲೇ ನಡೆಯಿತು. ಕೆಲಸ ಮುಗಿಯಿತು, ಪತ್ರಿಕೆ ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಅತ್ಯುತ್ತಮ ಫ್ಯಾನ್‌ಜೀನ್, ಅಂದರೆ ಅಭಿಮಾನಿಗಳೇ ಹೊರತರುವ ಪತ್ರಿಕೆ, ಅಂತ ವಿಜ್ಞಾನ ಕಥಾ ಲೋಕದ ಹ್ಯೂಗೋ ಪ್ರಶಸ್ತಿಯನ್ನೂ ಹೊಡೆದುಕೊಂಡಿತು. ಬ್ರೌನ್ ಮುಂದೆ ನ್ಯೂಯಾರ್ಕ್ ಬಿಟ್ಟು ನಿಮ್ಮ ಕಡೆಗೇ ಬಂದರು. ನೀವು ಬಾರ್ಟ್ ರೈಲು ಹತ್ತಿದರೆ ಸಿಗುವ ಓಕ್ಲೆಂಡ್‌ನಿಂದ ಹೊರಟ ಪತ್ರಿಕೆ ಇದು.

ಪೂರ್ತಿ ಮಾಡಬೇಕಾ ಅಂದಿರಿ. ಬೇಡ. ಮೊದಲು ಇರುವುದನ್ನು ಎಣಿಸಿ. ಲೋಕಸ್‌ನಲ್ಲಿ ಒಂದು ಸುಖ ಇದೆ, ಸಂಚಿಕೆಗೆ ಶುರುವಿನಿಂದ ಒಂದೇ ಸಾಲಿನ ನಂಬರ್. 2000ದ ಜನವರಿ ಸಂಚಿಕೆ 468. ತಿಂಗಳಿಗೆ ಒಂದರಂತೆ ಕೂಡುತ್ತಾ ಹೋದರೆ 2002ರ ಸೆಪ್ಟೆಂಬರ್ 500, 2011ರ ಜನವರಿ 600. ಹಿಂದಕ್ಕೆ ಹೋದರೆ 1990ರ ಜನವರಿ 348. ಇಷ್ಟು ಗೊತ್ತಿದ್ದರೆ ಯಾವುದು ಇಲ್ಲ ಅಂತ ಬೆರಳಲ್ಲೇ ಲೆಕ್ಕ ಹಾಕಬಹುದು.

ತೀರಾ ಹಳೆಯ ಸಂಚಿಕೆಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ನೀವೇ ನೋಡಿ, 1968ರ ನಡುವಿನಿಂದ 1990ರ ಜನವರಿಗೆ 260 ತಿಂಗಳೂ ಆಗುವುದಿಲ್ಲ. ನಂಬರ್ ಮಾತ್ರ 348. ಅಂದರೆ ಮೊದಲ ವರ್ಷಗಳಲ್ಲಿ ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಬರುತ್ತಿತ್ತು. ಆ ಕಾಲದ್ದನ್ನು ತಿಂಗಳು ನೋಡಿ ಕೊಳ್ಳಬೇಡಿ, ನಂಬರ್ ನೋಡಿ ಕೊಳ್ಳಿ.

ಪ್ರಶ್ನೆ (ಅದೇ ಸದಸ್ಯ)

ಎಣಿಸಿದೆ ಮೇಡಂ. ಲೋಕಸ್ 211 ಇವೆ. ಎಲ್ಲಾ ಎಂಬತ್ತರ ದಶಕದ ನಂತರದವು, ಆರು ಮಾತ್ರ ಹಳೆಯವು. ಆ ಆರು ನೋಡಲು ವಿಚಿತ್ರವಾಗಿವೆ. ಒರಟು ಕಾಗದ, ಟೈಪ್ ಮಾಡಿದ ಹಾಗಿದೆ, ಮೂಲೆಯಲ್ಲಿ ಪಿನ್. ಇನ್ನು ಕ್ರಾನಿಕಲ್‌ನಲ್ಲಿ ಕೆಲವದರ ಮೇಲೆ ಬರೀ ‘ಕ್ರಾನಿಕಲ್’ ಅಂತಿದೆ. ಬೇರೆ ಪತ್ರಿಕೆಯಾ?

ಉತ್ತರ

ಆ ಆರನ್ನು ಈಗಲೇ ಬೇರೆ ಇಡಿ. ಅದು ಮಿಮಿಯೋಗ್ರಾಫ್. ನಮ್ಮ ಕಡೆ ಸೈಕ್ಲೋಸ್ಟೈಲ್ ಅನ್ನುತ್ತಿದ್ದೆವಲ್ಲ, ಶಾಲೆಯ ಪ್ರಶ್ನೆಪತ್ರಿಕೆ ಬರುತ್ತಿತ್ತಲ್ಲ, ಅದೇ. ಸ್ಟೆನ್ಸಿಲ್ ಮೇಲೆ ಟೈಪ್ ಹೊಡೆದು, ಶಾಯಿ ಹಚ್ಚಿ, ಹಿಡಿ ತಿರುಗಿಸಿ ತೆಗೆದದ್ದು. ಶಾಯಿ ಬೇಗ ಹೀರಲಿ ಅಂತಲೇ ಒರಟು ಕಾಗದ. ಆ ಕಾಗದದಲ್ಲಿ ಆಮ್ಲ ಇರುತ್ತದೆ, ಕಾಲ ಕಳೆದಂತೆ ಕಂದಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಪಿನ್‌ಗೆ ತುಕ್ಕು ಹಿಡಿದಿದ್ದರೆ ಕಿತ್ತು ಎಳೆಯಬೇಡಿ. ಹಿಂದಿನ ಎರಡು ಕಾಲನ್ನು ತೆಳು ಚಮಚದ ಹಿಡಿಯಿಂದ ಮೆಲ್ಲಗೆ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ತೆಗೆಯಿರಿ. ಹೊಸ ಪಿನ್ ಹಾಕುವುದು ಬೇಡ, ಆಮ್ಲ ಇಲ್ಲದ ಕಾಗದದ ಮಡಿಕೆಯಲ್ಲಿ ಇಟ್ಟರೆ ಸಾಕು.

ಸೆಲ್ಲೋಟೇಪ್ ಅಂತೂ ಮುಟ್ಟಲೇಬೇಡಿ. ನನ್ನ ಕೆಲಸದ ಅರ್ಧ ಆಯುಷ್ಯ ಯಾರೋ ಪ್ರೀತಿಯಿಂದ ಹಚ್ಚಿದ ಸೆಲ್ಲೋಟೇಪ್ ಬಿಡಿಸುವುದರಲ್ಲೇ ಹೋಗಿದೆ.

ಕ್ರಾನಿಕಲ್ ಬೇರೆಯದಲ್ಲ, ಅದೇ ಪತ್ರಿಕೆ. ಆಂಡ್ರ್ಯೂ ಪೋರ್ಟರ್ 1979ರಲ್ಲಿ ನ್ಯೂಯಾರ್ಕ್‌ನಿಂದ ಶುರು ಮಾಡಿದರು. ಲೋಕಸ್‌ಗೆ ನೇರ ಪೈಪೋಟಿ. ಹ್ಯೂಗೋದಲ್ಲಿ ಅರೆ-ವೃತ್ತಿಪರ ಪತ್ರಿಕೆ ಅಂತ ವಿಭಾಗ ಮಾಡಿದ ಮೇಲೆ 1984ರಿಂದ 1992ರವರೆಗೆ ಪ್ರತಿ ವರ್ಷವೂ ಲೋಕಸ್‌ಗೇ ಬಂತು. 1993, 1994ರಲ್ಲಿ ಆ ಸರಪಳಿ ಮುರಿದದ್ದು ಕ್ರಾನಿಕಲ್. 2000ದಲ್ಲಿ ಪೋರ್ಟರ್ ಅದನ್ನು ಮಾರಿದರು. ಆಮೇಲೆ ಹೆಸರು ಗಿಡ್ಡವಾಯಿತು, 2006ರಲ್ಲಿ ನಿಂತೇಹೋಯಿತು. ಈಗ ಕೇಳುವವರು ಕಮ್ಮಿ. ನನ್ನನ್ನು ಕೇಳಿದರೆ, ಜೋಪಾನ ಮಾಡಬೇಕಾದ್ದು ಇದನ್ನೇ. ಒಂದೇ ಸುದ್ದಿಯನ್ನು ಇಬ್ಬರು ಬರೆದದ್ದು ಪಕ್ಕಪಕ್ಕ ಇಟ್ಟು ಓದುವ ಮಜಾ ಒಂದರಿಂದ ಸಿಗುವುದಿಲ್ಲ.

ಪ್ರಶ್ನೆ (ಧಾರವಾಡ)

ನಡುವೆ ಬಾಯಿ ಹಾಕಿದೆ, ಕ್ಷಮಿಸಿರಿ. ನಮ್ಮ ಅಜ್ಜಾರು ‘ಕಸ್ತೂರಿ’ ಸಂಚಿಕೆಗಳನ್ನ ವರ್ಷಕ್ಕೊಂದರಂತೆ ರೆಕ್ಸಿನ್ ಬೈಂಡ್ ಮಾಡಿಸಿಟ್ಟಾರ. ಇವತ್ತಿಗೂ ಗಟ್ಟಿ ಅದಾವ. ಇವನ್ನೂ ಹಂಗ ಬೈಂಡ್ ಮಾಡಿಸಿದರ ಒಂದೂ ಕಳೆಯೂದಿಲ್ಲ, ಅಲ್ಲೇನ್ರೀ?

ಉತ್ತರ

ಅಜ್ಜಾರ ಕಸ್ತೂರಿ ಹಾಗೇ ಇರಲಿ ಸರ್, ಅದನ್ನು ಬಿಚ್ಚುವ ಸಾಹಸ ಮಾಡಬೇಡಿ. ಆದರೆ ಹೊಸದಾಗಿ ಬೈಂಡ್ ಮಾಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೈಂಡರ್ ಮೂರು ಕಡೆ ಅಂಚು ಕತ್ತರಿಸುತ್ತಾರೆ, ಬೆನ್ನಿನ ಹತ್ತಿರ ತೂತು ಹೊಡೆಯುತ್ತಾರೆ. ಒಳ ಅಂಚಿನ ಅಕ್ಷರ ಹೊಲಿಗೆಯೊಳಗೆ ಹೋಗಿಬಿಡುತ್ತದೆ. ಎಷ್ಟೋ ಕಡೆ ಹೊರ ರಟ್ಟು ಮತ್ತು ಜಾಹೀರಾತಿನ ಪುಟ ತೆಗೆದುಹಾಕಿ ಬೈಂಡ್ ಮಾಡುವ ರೂಢಿಯೂ ಇತ್ತು. ಸುದ್ದಿ ಪತ್ರಿಕೆಯಲ್ಲಿ ಜಾಹೀರಾತೇ ಅರ್ಧ ಸುದ್ದಿ ಅಲ್ವಾ? ಯಾವ ಪ್ರಕಾಶಕ ಯಾವ ಪುಸ್ತಕಕ್ಕೆ ಇಡೀ ಪುಟ ಕೊಟ್ಟ ಅನ್ನುವುದು ಬೇರೆಲ್ಲೂ ಸಿಗುವುದಿಲ್ಲ. ನಿಲ್ಲಿಸಿಡುವ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಇಡಿ. ತುಂಬಾ ಬಿಗಿ ಬೇಡ, ಓಲಾಡುವಷ್ಟು ಸಡಿಲವೂ ಬೇಡ.

ಪ್ರಶ್ನೆ (ಬೆಂಗಳೂರು)

ನನಗೂ ಲೋಕಸ್ ಹುಚ್ಚು. ಅವೆನ್ಯೂ ರೋಡ್, ಚರ್ಚ್ ಸ್ಟ್ರೀಟ್ ಎಲ್ಲಾ ತಿರುಗಿ ಇದುವರೆಗೆ ಮೂರು ಸಂಚಿಕೆ ಸಿಕ್ಕಿವೆ. ಹೋದ ವರ್ಷ ಅಮೆರಿಕದ ಒಬ್ಬ ಮಾರಾಟಗಾರರಿಂದ ಒಂದು ಫೆಬ್ರವರಿ ಸಂಚಿಕೆ ತರಿಸಿದೆ. ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದರು. ರಟ್ಟು ಹೊಳೆಯುತ್ತಿತ್ತು, ಒಳಗೆ ಒಂದು ಹಾಳೆಯೇ ಇಲ್ಲ! ಅಂಚೆ ಖರ್ಚು ಪತ್ರಿಕೆಯ ಬೆಲೆಗಿಂತ ಜಾಸ್ತಿ. ಫ್ರೀಮಾಂಟ್ ಅಣ್ಣನ ಹತ್ತಿರ ಡಬಲ್ ಇದ್ದರೆ ನಮಗೂ ಕಳಿಸಬಹುದಾ?

ಉತ್ತರ

ಫೆಬ್ರವರಿ ಸಂಚಿಕೆಯಲ್ಲಿ ಹಿಂದಿನ ವರ್ಷದ ಸಮೀಕ್ಷೆ, ಓದಲೇಬೇಕಾದ ಪುಸ್ತಕಗಳ ಪಟ್ಟಿ ಇರುತ್ತದೆ. ಹಾಗಾಗಿ ಅದಕ್ಕೇ ಬೇಡಿಕೆ, ಅದಕ್ಕೇ ಏಟು ಕೂಡ. 1971ರಿಂದ ಲೋಕಸ್ ಓದುಗರ ಮತದಿಂದ ಪ್ರಶಸ್ತಿ ಕೊಡುತ್ತಾ ಬಂದಿದೆ. ಆಗೆಲ್ಲ ಮತಪತ್ರವನ್ನು ಕತ್ತರಿಸಿ ಅಂಚೆಗೆ ಹಾಕಬೇಕಿತ್ತು. ನಿಮ್ಮ ಹಾಳೆಯೂ ಹಾಗೇ ಹೋಗಿರಬಹುದು, ಪುಣ್ಯಾತ್ಮ ಯಾರಿಗೆ ಮತ ಹಾಕಿದನೋ. ಇನ್ನು ಮುಂದೆ ರಟ್ಟಿನ ಫೋಟೊ ಕೇಳಬೇಡಿ. ‘ಪುಟ ಎಣಿಸಿದ್ದೀರಾ? ಏನಾದರೂ ಕತ್ತರಿಸಿದೆಯಾ? ತೇವದ ವಾಸನೆ ಇದೆಯಾ?’ ಇಷ್ಟು ಕೇಳಿ. ಚಂದಾದಾರರ ವಿಳಾಸದ ಚೀಟಿ ಅಂಟಿದ್ದರೆ ಅದು ದೋಷ ಅಲ್ಲ, ಕೀಳಲು ಹೋದರೆ ರಟ್ಟು ಹರಿಯುತ್ತದೆ. ಗುಂಪಿಗೆ ಫೋಟೊ ಹಾಕುವಾಗ ಮಾತ್ರ ಅದನ್ನು ಮುಚ್ಚಿ.

ಅಂಚೆಯದ್ದೇ ದೊಡ್ಡ ತಲೆನೋವು. ಅಮೆರಿಕದ ಅಂಚೆಯವರು ವಿದೇಶಕ್ಕೆ ಹಡಗಿನಲ್ಲಿ ಅಗ್ಗವಾಗಿ ಕಳಿಸುವುದನ್ನು 2007ರಲ್ಲೇ ನಿಲ್ಲಿಸಿದರು. ದೇಶದೊಳಗೆ ಪುಸ್ತಕಕ್ಕೆ ‘ಮೀಡಿಯಾ ಮೇಲ್’ ಅಂತ ಕಡಿಮೆ ದರ ಇದೆ, ಆದರೆ ಜಾಹೀರಾತು ಇರುವ ಪತ್ರಿಕೆ ಅದರಲ್ಲಿ ಸೇರುವುದಿಲ್ಲ. ಗೊತ್ತಿಲ್ಲದೆ ಹಾಕಿದರೆ ಪೆಟ್ಟಿಗೆ ತೆರೆದು ನೋಡಿ ಉಳಿದ ದುಡ್ಡು ವಸೂಲಿ ಮಾಡುತ್ತಾರೆ. ರಜೆಗೆ ಬರುವವರ ಸೂಟ್‌ಕೇಸ್‌ನಲ್ಲಿ ಮೂರು ನಾಲ್ಕು ಸಂಚಿಕೆ ತರಿಸಿಕೊಳ್ಳುವುದೇ ವಾಸಿ.

ಓದುವುದಷ್ಟೇ ಆಸೆ ಆದರೆ ಸುಮ್ನೆ ಯಾಕೆ ಒದ್ದಾಟ? 2011ರ ಜನವರಿಯಿಂದ ಲೋಕಸ್ ಡಿಜಿಟಲ್ ರೂಪದಲ್ಲೂ ಬರುತ್ತಿದೆ. ಹಳೆ ಫ್ಯಾನ್‌ಜೀನ್‌ಗಳ ಸ್ಕ್ಯಾನ್ ಫ್ಯಾನ್ಯಾಕ್ ಡಾಟ್ ಆರ್ಗ್‌ನಲ್ಲಿ ರಾಶಿ ಇದೆ. ಡೇವಿಡ್ ಲ್ಯಾಂಗ್‌ಫರ್ಡ್ 1979ರಲ್ಲಿ ಶುರು ಮಾಡಿದ ಬ್ರಿಟನ್ನಿನ ಇಂಥದೇ ಸುದ್ದಿಪತ್ರ ‘ಆನ್ಸಿಬಲ್’ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಚಿಕ್ಕದು, ತುಂಟತನ ಜಾಸ್ತಿ. ನನಗೆ ಲೋಕಸ್‌ಗಿಂತ ಅದೇ ಇಷ್ಟ, ಯಾರಿಗೂ ಹೇಳಬೇಡಿ.

ಪ್ರಶ್ನೆ (ಫ್ರೀಮಾಂಟ್ ಸದಸ್ಯ)

ಡಬಲ್ ಹದಿನಾಲ್ಕು ಇವೆ, ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ತರುತ್ತೇನೆ. ಕೊನೆಯದಾಗಿ, ಪೆಟ್ಟಿಗೆಗಳು ಗ್ಯಾರೇಜ್‌ನಲ್ಲೇ ಇರಬಹುದಾ? ನುಸಿಗುಳಿಗೆ ಹಾಕಿದ್ದೇನೆ.

ಉತ್ತರ

ಹಗಲು ಕಾದು ರಾತ್ರಿ ತಣ್ಣಗಾಗುವ ಜಾಗ ಕಾಗದಕ್ಕೆ ಆಗಿಬರುವುದಿಲ್ಲ. ನುಸಿಗುಳಿಗೆ ತೆಗೆದುಬಿಡಿ. ಆ ವಾಸನೆ ಪತ್ರಿಕೆಯಿಂದ ಹೋಗುವುದೇ ಇಲ್ಲ, ಮನುಷ್ಯರಿಗೂ ಒಳ್ಳೆಯದಲ್ಲ. ಹುಳದ ಅನುಮಾನ ಇದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ನೀರು ಕಟ್ಟುತ್ತದೆ. ಆಮೇಲೆ ಮನೆಯೊಳಗೆ, ಹೊರಗೋಡೆಗೆ ತಾಗದ ಒಂದು ಕಪಾಟು ಸಾಕು. 211 ಸಂಚಿಕೆಗೆ ಎರಡೇ ಅಡ್ಡಹಲಗೆ ಬೇಕಾಗಬಹುದು. ಗ್ಯಾರೇಜ್ ಖಾಲಿ ಆಯಿತು ಅಂತ ಮನೆಯವರಿಗೆ ಹೇಳಿ. ಹಲಗೆಯ ವಿಷಯ ನಿಧಾನವಾಗಿ ಹೇಳಿದರಾಯಿತು.